ಎರಡು ಜೀವ, ಒಂದೇ ಮುಳ್ಳು

ನಾನು ಒಂದು ತೂಕದ ಯಂತ್ರ. ಜಂಬ ಅಂದುಕೊಂಡರೂ ಸರಿ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನ್ನ ಒಳ್ಳೆಯ ಕಾಲದಲ್ಲಿ ಯಾರ ಮುಲಾಜಿಗೂ ಬಿದ್ದು ನಾನು ತೂಕ ಹೇಳಿಲ್ಲ. ನನ್ನ ಮೇಲೆ ನಿಂತು ಕೆಲವರು ಹೊಟ್ಟೆ ಒಳಗೆಳೆದುಕೊಂಡಿದ್ದಾರೆ. ಕೆಲವರು ಉಸಿರು ಬಿಗಿಹಿಡಿದಿದ್ದಾರೆ. ಒಬ್ಬರಂತೂ ಭಾರ ಕಡಿಮೆಯಾಗಲಿ ಎಂದು ಕನ್ನಡಕ ತೆಗೆದು, ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ನನ್ನ ಮುಳ್ಳು ಇದ್ದಲ್ಲೇ ಇತ್ತು.

ನಾನು ಹುಟ್ಟಿದ್ದು ಗುಜರಾತಿನ ಒಂದು ಊರಿನಲ್ಲಿ, ತಗಡು ಹೊದಿಸಿದ ಸಣ್ಣ ಕಾರ್ಖಾನೆಯಲ್ಲಿ. ಕಬ್ಬಿಣದ ಹಲಗೆ ನನ್ನ ಬೆನ್ನು, ಅದರ ಮೇಲೆ ಕಪ್ಪು ರಬ್ಬರಿನ ಹಾಸು. ಹೊಟ್ಟೆಯೊಳಗೆ ಒಂದು ದಪ್ಪ ಸ್ಪ್ರಿಂಗು. ಮುಂದೆ ಗಾಜಿನ ಕೆಳಗೆ ದುಂಡನೆಯ ಮುಖ. ಅದರಲ್ಲಿ ಸೊನ್ನೆಯಿಂದ ನೂರಾ ಮೂವತ್ತರವರೆಗೆ ಅಂಕಿಗಳು, ಅರ್ಧರ್ಧ ಕಿಲೋಗೆ ಒಂದು ಗೆರೆ, ಒಂದು ಕೆಂಪು ಮುಳ್ಳು. ಪಕ್ಕದಲ್ಲಿ ಸಣ್ಣದೊಂದು ತಿರುಪು. ಮುಳ್ಳು ಸೊನ್ನೆಯಿಂದ ಆಚೀಚೆ ಸರಿದರೆ ಅದನ್ನು ತಿರುಗಿಸಿ ಜಾಗಕ್ಕೆ ತರಬೇಕು. ಅಲ್ಲಿಯ ಕೊನೆಯ ದಿನ ಒಬ್ಬ ಮುದುಕ ನನ್ನ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದ. ಮೂರು ಸಲ ಇಟ್ಟ, ಮೂರು ಸಲ ತೆಗೆದ. ಆಮೇಲೆ ಮೆಲ್ಲಗೆ ಬೆನ್ನು ತಟ್ಟಿದ. ನನಗೆ ಸಿಕ್ಕ ಜಾತಕ ಅಷ್ಟೇ.

ಲಾರಿ, ರೈಲು, ಮತ್ತೆ ಲಾರಿ. ಕಣ್ಣು ಬಿಟ್ಟಾಗ ಬ್ಯಾಡಗಿಯಲ್ಲಿದ್ದೆ. ಆ ಊರಿನ ಗಾಳಿಯಲ್ಲೇ ಮೆಣಸಿನಕಾಯಿ ಘಾಟು. ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಸೀನುತ್ತಾರೆ. ನನ್ನನ್ನು ತರಿಸಿಕೊಂಡವರು ಅಲ್ಲಿ ಗರಡಿಮನೆ ನಡೆಸುತ್ತಿದ್ದ ದಾವಲಸಾಬ ಉಸ್ತಾದರು. ಆಗ ಅವರಿಗೆ ಐವತ್ತು ವರ್ಷ. ಕಿವಿಗಳು ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದ್ದೆಯಾಗಿದ್ದವು, ದನಿ ಮಾತ್ರ ಮೆತ್ತಗಿತ್ತು.

ಗರಡಿಯಲ್ಲಿ ಇದ್ದಷ್ಟು ದಿನ ನಾನು ಕೇಳಿದ್ದೆಲ್ಲ ತಿನ್ನುವ ಮಾತು. ಬೆಳಿಗ್ಗೆ ಬಾದಾಮಿ ಅರೆದ ಹಾಲು, ಮಧ್ಯಾಹ್ನ ರೊಟ್ಟಿಗೆ ತುಪ್ಪ, ಸಂಜೆ ಮೊಟ್ಟೆ. ಅದಕ್ಕೆ ಅವರು ಖುರಾಕು ಅನ್ನುತ್ತಿದ್ದರು. ಮೈ ಹಿಡಿಸಬೇಕು, ತೂಕ ಏರಬೇಕು, ಇದೇ ಚಿಂತೆ. ಎಂಬತ್ತು ಕಿಲೋದ ಪೈಲ್ವಾನರು ಕೆಮ್ಮಣ್ಣು ಮೆತ್ತಿದ ಪಾದಗಳಲ್ಲಿ ನನ್ನ ಮೇಲೆ ಹತ್ತಿದಾಗ ನನ್ನ ಸ್ಪ್ರಿಂಗು ಗುರ್ ಎನ್ನುತ್ತಿತ್ತು. ಹೆಮ್ಮೆಯ ಕೆಲಸವಪ್ಪ ಅದು.

ಉಸ್ತಾದರದ್ದು ಒಂದು ಕಟ್ಟುನಿಟ್ಟು. ಕುಸ್ತಿಗೆ ಜೋಡಿ ಕಟ್ಟುವ ದಿನ ಎಲ್ಲರೂ ಹೊಸದಾಗಿ ನನ್ನ ಮೇಲೆ ನಿಲ್ಲಲೇಬೇಕು. ಒಮ್ಮೆ ಒಬ್ಬ ಪೈಲ್ವಾನ, "ನಿನ್ನೇನ ತೂಗೀನ್ರಿ ಉಸ್ತಾದರ, ಎಪ್ಪತ್ತೆರಡು. ಅದನ್ನ ಬರ್ಕೋರಿ" ಅಂದ.

"ನಿನ್ನೆ ತೂಗಿದಾಂವ ನಿನ್ನೇನ ಹೋದ," ಅಂದರು ಉಸ್ತಾದರು. "ಇವತ್ತಿನಾಂವ ಯಾರದಾನ, ಹತ್ತು ಮ್ಯಾಲೆ."

ಅವನು ಹತ್ತಿದ. ಎಪ್ಪತ್ತು ಬಂತು. ಹೊಟ್ಟೆ ಕೆಟ್ಟಿದ್ದನ್ನು ಮುಚ್ಚಿಟ್ಟಿದ್ದನಂತೆ. ಆ ಮಾತು ನನ್ನ ಸ್ಪ್ರಿಂಗಿನ ಸುತ್ತುಗಳಲ್ಲಿ ಎಲ್ಲೋ ಸಿಕ್ಕಿಕೊಂಡು ಉಳಿಯಿತು.

ಕಾಲ ಸರಿಯಿತು. ಹೊಸ ಹುಡುಗರು ಗೋಡೆ ತುಂಬ ಕನ್ನಡಿ ಇರುವ ಜಿಮ್ಮುಗಳಿಗೆ ಹೋದರು. ಉಸ್ತಾದರ ಮಂಡಿ ಹಿಡಿದುಕೊಂಡಿತು. ಮಂಡಿಗೆ ವ್ಯಾಯಾಮ ಹೇಳಿಸಿಕೊಳ್ಳಲು ಅವರು ಮಾರುಕಟ್ಟೆಯ ಹಿಂದಿದ್ದ ಒಂದು ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದರು. ಎರಡು ಕೋಣೆಯ ಜಾಗ. ನಡೆಯಲಾಗದ, ನುಂಗಲಾಗದ, ಮಾತು ಬಾರದ ಮಕ್ಕಳನ್ನು ತಾಯಂದಿರು ಅಲ್ಲಿಗೆ ಕರೆತರುತ್ತಿದ್ದರು. ಅಲ್ಲಿಯ ತೂಕದ ಯಂತ್ರ ಕೆಟ್ಟು ಕೂತಿದ್ದನ್ನು ಕಂಡ ಉಸ್ತಾದರು ಮರುದಿನವೇ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು, ಕುಂಟುತ್ತಾ ಹೋಗಿ ಅಲ್ಲಿ ಇಳಿಸಿದರು. "ಇದು ಸುಳ್ಳು ಹೇಳೂದಿಲ್ರಿ, ನಾ ಹೊಣಿ," ಅಂದರು.

ನಿಜ ಹೇಳಬೇಕೆಂದರೆ ನನಗೆ ಮೊದಮೊದಲು ಮುಖಭಂಗವಾಯಿತು. ಪೈಲ್ವಾನರನ್ನು ಹೊತ್ತ ಬೆನ್ನಿನ ಮೇಲೆ ಈಗ ಹನ್ನೆರಡು ಕಿಲೋ, ಹದಿನಾಲ್ಕು ಕಿಲೋ! ಮುಳ್ಳು ಮೈಮುರಿದು ಏಳುವಷ್ಟರಲ್ಲೇ ನಿಂತುಬಿಡುತ್ತಿತ್ತು. ಆದರೆ ಕೆಲವೇ ವಾರಗಳಲ್ಲಿ ನನಗೆ ಒಂದು ವಿಷಯ ತಿಳಿಯಿತು. ಗರಡಿಯಲ್ಲಿ ಎರಡು ಕಿಲೋ ಹೆಚ್ಚುಕಡಿಮೆಯಾದರೆ ಜೋಡಿ ಬದಲಾಗುತ್ತಿತ್ತು, ಅಷ್ಟೇ. ಇಲ್ಲಿ ಅರ್ಧ ಕಿಲೋಗೆ ತಾಯಂದಿರು ಅಳುತ್ತಿದ್ದರು.

ಕೇಂದ್ರದ ಯಜಮಾನಿಕೆಯೆಲ್ಲ ಜಯಶೀಲಾ ಸಿಸ್ಟರದ್ದು. ಗಟ್ಟಿ ದನಿ, ವೇಗದ ನಡಿಗೆ, ಸೆರಗಿನ ಪಿನ್ನಿಗೆ ಸಿಕ್ಕಿಸಿದ ಕೆಂಪು ಪೆನ್ನು. ಬೈಯುವುದರಲ್ಲಿ ಮುಂದು, ಅಂತಃಕರಣದಲ್ಲೂ ಹಿಂದಿಲ್ಲ. ಶಿವಲೀಲಾ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಳು. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ. ತೂಕ ಮಾತ್ರ ದಡದಡ ಏರುತ್ತಿತ್ತು. ನನ್ನ ಮೇಲೆ ಹತ್ತುವುದೆಂದರೆ ಅವಳಿಗೆ ಹಬ್ಬ. ಮುಳ್ಳು ಮುಂದೆ ಓಡಿದಷ್ಟೂ ಚಪ್ಪಾಳೆ ತಟ್ಟುತ್ತಿದ್ದಳು. "ಪಾಪದ ಕೂಸು, ತಿಂದು ಸುಖ ಪಡ್ಲಿ ಬಿಡ್ರಿ" ಎನ್ನುವ ಅಜ್ಜಿಯ ಸೊಂಟದ ಚೀಲದಲ್ಲಿ ಸದಾ ಬಿಸ್ಕೀಟು. ಸಿಸ್ಟರ್ ಒಂದು ದಿನ ಅಜ್ಜಿಯ ಎದುರೇ ಆ ಚೀಲ ಬಿಚ್ಚಿಸಿ, "ಅಜ್ಜಿ, ಪಾಪ ಅನ್ನೂದು ಬ್ಯಾರೆ, ಬಿಸ್ಕೀಟ ಬ್ಯಾರೆ. ನಾಳೆಯಿಂದ ಇದರಾಗ ಪ್ಯಾರಲ ಹಣ್ಣು ಇಟ್ಕೊಂಡು ಬಾ. ಮತ್ತ ಆಕಿ ಕೈ ಹಿಡ್ಕೊಂಡು ಬಸ್ ಸ್ಟ್ಯಾಂಡ್ ತನಕ ನಡಿ" ಎಂದರು. ಅಜ್ಜಿ ಮೂಗು ಮುರಿದಳು, ಆದರೆ ನಡೆದಳು. ಆರು ತಿಂಗಳಿಗೆ ಅಜ್ಜಿಯ ಉಬ್ಬಸವೂ ಕಡಿಮೆಯಾಯಿತಂತೆ.

ಇನ್ನು ದಾನು. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥ ಕಥೆ ಅಂತ ಇದ್ದರೆ ಅದು ದಾನುವಿನದೇ.

ಪೂರ್ತಿ ಹೆಸರು ದಾನಮ್ಮ. ಆರು ವರ್ಷ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿ, ಕೈಕಾಲು ಬಿಗಿದುಕೊಂಡಿದ್ದವು. ನಿಲ್ಲಲಾರಳು, ಕೂರಲಾರಳು, ಮಾತಿಲ್ಲ. ನುಂಗುವುದೂ ಕಷ್ಟ. ಅವಳನ್ನು ಎತ್ತಿಕೊಂಡು ಬಂದವಳು ತಾಯಿ ಫಕ್ಕೀರವ್ವ. ಗಂಡ ಲಾರಿ ಡ್ರೈವರು, ವಾರಕ್ಕೊಮ್ಮೆ ಮನೆ ಕಾಣುವವನು. ಫಕ್ಕೀರವ್ವ ಮಗಳನ್ನು ಬಿಟ್ಟು ಹೊರಗೆ ಹೋಗುವಂತಿಲ್ಲದ್ದರಿಂದ ಮೆಣಸಿನಕಾಯಿ ಚೀಲಗಳನ್ನು ಮನೆಗೇ ತರಿಸಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ಉಣಿಸುವ ಮೊದಲು ಕೈಗೆ ಎಣ್ಣೆ ಸವರಿ, ಮೂರು ಸಲ ತೊಳೆದು, ತನ್ನ ನಾಲಿಗೆಗೇ ಬೆರಳು ಮುಟ್ಟಿಸಿ ಖಾರ ಹೋಯಿತೇ ಎಂದು ನೋಡಿಕೊಳ್ಳುತ್ತಿದ್ದಳಂತೆ.

ನಿಲ್ಲಲಾರದ ಮಕ್ಕಳನ್ನು ತೂಗುವ ಕ್ರಮ ಹೀಗೆ. ತಾಯಿ ಮಗುವನ್ನು ಎತ್ತಿಕೊಂಡು ನನ್ನ ಮೇಲೆ ನಿಲ್ಲಬೇಕು. ಆಮೇಲೆ ಮಗುವನ್ನು ಬೇರೆಯವರ ಕೈಗೆ ಕೊಟ್ಟು ಒಬ್ಬಳೇ ನಿಲ್ಲಬೇಕು. ಮೊದಲ ಅಂಕಿಯಲ್ಲಿ ಎರಡನೆಯದನ್ನು ಕಳೆದರೆ ಮಗುವಿನ ತೂಕ. ಜೂನ್ ತಿಂಗಳ ಮೊದಲ ಗುರುವಾರ ಫಕ್ಕೀರವ್ವ ಮಗಳೊಂದಿಗೆ ನಿಂತಾಗ ಐವತ್ತೈದೂವರೆ, ಒಬ್ಬಳೇ ನಿಂತಾಗ ನಲವತ್ತಾರು. ದಾನು ಒಂಬತ್ತೂವರೆ ಕಿಲೋ. ಆರು ವರ್ಷದ ಮಗುವಿಗೆ ಅದು ಏನೇನೂ ಅಲ್ಲ.

ನನಗೆ ಮನುಷ್ಯರ ಪರಿಚಯ ಆಗುವುದು ಪಾದಗಳಿಂದ. ಫಕ್ಕೀರವ್ವನ ಪಾದ ಅಗಲ, ಹಿಮ್ಮಡಿ ಬಿರುಕು, ಎರಡನೇ ಬೆರಳಿಗೆ ಬೆಳ್ಳಿಯ ಕಾಲುಂಗುರ. ಉಂಗುರ ಬಿಗಿಯಾಗಿ, ಬೆರಳಿನ ಮಾಂಸದಲ್ಲಿ ಸ್ವಲ್ಪ ಹುದುಗಿ ಕೂತಿತ್ತು.

ಆ ದಿನ ತಿಂಗಳಿಗೊಮ್ಮೆ ಬರುವ ಮೇಟಿ ಡಾಕ್ಟರು ಇದ್ದರು. "ನೋಡವ್ವ, ಮೂರು ತಿಂಗಳದಾಗ ಒಂದು ಕಿಲೋನಾದ್ರೂ ಏರಬೇಕು. ಏರಲಿಲ್ಲಂದ್ರ ಹುಬ್ಬಳ್ಳಿಗೆ ಕಳಸ್ತೀನಿ. ಹೊಟ್ಟಿಗೆ ನೆಟ್ಟಗ ಒಂದು ನಳಿಗಿ ಹಾಕಿ ಅದರಾಗ ಊಟ ಕೊಡ್ತಾರ. ಅದೇನು ಶಿಕ್ಷಾ ಅಲ್ಲ. ಎಷ್ಟೋ ಮಕ್ಕಳು ಅದರಿಂದ ಛಲೋ ಆಗ್ಯಾವ" ಎಂದರು.

ಫಕ್ಕೀರವ್ವ ತಲೆಯಾಡಿಸಿದಳು. ಡಾಕ್ಟರು ಒಳಗೆ ಹೋದ ಮೇಲೆ ಸಿಸ್ಟರಿಗೆ ಹೇಳಿದಳು: "ಅಕ್ಕಾರ, ಈಕಿಗೆ ಮಾತಿಲ್ಲ, ನಡಗಿ ಇಲ್ಲ. ಇರೂದು ಬಾಯಿ ರುಚಿ ಒಂದ ರೀ. ಬೆಲ್ಲ ನಾಲಗಿಗೆ ಹತ್ತಿದ್ರ ನಗತಾಳ. ಅದನ್ನೂ ಕಸಗೊಂಡ್ರ ಹೆಂಗ್ರಿ?"

ಸಿಸ್ಟರ್ ಆವತ್ತು ಒಂದು ತಾಸು ಅವಳ ಜೊತೆ ಬೆಂಚಿನ ಮೇಲೆ ಕೂತರು. ಅದುವರೆಗೆ ಮನೆಯಲ್ಲಿ ದಾನುವನ್ನು ಮಲಗಿಸಿಕೊಂಡು, ನೀರಿನಂಥ ಗಂಜಿಯನ್ನು ಬಾಟಲಿಯಲ್ಲಿ ಕುಡಿಸುತ್ತಿದ್ದರು. ಅದು ಶ್ವಾಸಕ್ಕೆ ಹತ್ತಿ ಕೆಮ್ಮು, ಕೆಮ್ಮಿ ಕೆಮ್ಮಿ ತಿಂದಷ್ಟೂ ಹೊರಗೆ. ಸಿಸ್ಟರ್ ದಾನುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ಮೊಣಕೈಯಲ್ಲಿ ಆನಿಸಿ ತೋರಿಸಿದರು. ರಾಗಿ ಅಂಬಲಿ ಗಟ್ಟಿ ಇರಬೇಕು, ಚಮಚ ವಾಲಿಸಿದರೆ ತಡೆದು ತಡೆದು ಜಾರಬೇಕು. ಅದಕ್ಕೆ ಶೇಂಗಾ ಪುಡಿ, ಬೆಲ್ಲ, ಪ್ರತಿ ಬಟ್ಟಲಿಗೂ ಒಂದು ಚಮಚ ತುಪ್ಪ. ಬೆಂದ ಮೊಟ್ಟೆಯನ್ನು ಹಿಚುಕಿ ಮೆತ್ತಗೆ ಮಾಡಿದ್ದು. ಅರ್ಧ ಚಮಚ ಕೊಡು, ನುಂಗುವ ತನಕ ಕಾಯಿ, ಆಮೇಲೆ ಮತ್ತರ್ಧ. ದಿನಕ್ಕೆ ಐದು ಸಲ.

ಮೂಲೆಯಲ್ಲಿ ಮಂಡಿ ಮಡಚಿ ಬಿಚ್ಚುತ್ತಿದ್ದ ಉಸ್ತಾದರು ಕೇಳಿಸಿಕೊಂಡು ನಕ್ಕರು. "ತುಪ್ಪ, ತತ್ತಿ, ಶೇಂಗಾ! ಇದು ನಮ್ಮ ಗರಡಿ ಖುರಾಕ ಆತಲ್ಲ. ಏನ ಸಣ್ಣ ಪೈಲ್ವಾನ್ತಿ, ಯಾರ ಜೋಡಿ ಕುಸ್ತಿ?" ದಾನು ಅವರ ಮುದ್ದೆ ಕಿವಿಯನ್ನೇ ದಿಟ್ಟಿಸಿ ನೋಡಿದಳು.

ಜುಲೈ ಗುರುವಾರ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫಕ್ಕೀರವ್ವ ಮಗಳನ್ನು ಎತ್ತಿಕೊಂಡು ನಿಂತಳು: ಐವತ್ತೈದು. ಆಮೇಲೆ ಮಗುವನ್ನು ಇಸಿದುಕೊಳ್ಳಲು ಸಿಸ್ಟರ್ ಕೈ ಚಾಚಿದರೆ ದಾನು ಹೆದರಿ ಬಿಲ್ಲಿನಂತೆ ಸೆಟೆದು ಕಿರುಚಿದಳು. ಅವಳು ಹಾಗೆ ಸೆಟೆದರೆ ಸಡಿಲಾಗಲು ಅರ್ಧ ತಾಸು ಬೇಕು. ಸಿಸ್ಟರಿಗೆ ಅಯ್ಯೋ ಅನ್ನಿಸಿತು. "ಇರ್ಲಿ, ಇರ್ಲಿ. ನಿಂದು ಹೋದ ಸಲದ್ದು ಬರದೈತಿ" ಎಂದು ದಾನುವಿನ ತೂಕದ ಕಾರ್ಡಿನ ಮೊದಲ ಪುಟ ತಿರುವಿದರು. ಅಲ್ಲಿ ಕೆಂಪು ಶಾಯಿಯಲ್ಲಿ 'ತಾಯಿ ೪೬' ಎಂದಿತ್ತು. ಐವತ್ತೈದರಲ್ಲಿ ನಲವತ್ತಾರು ಕಳೆದು ಒಂಬತ್ತು ಎಂದು ಬರೆದರು.

ಅರ್ಧ ಕಿಲೋ ಇಳಿದಿತ್ತು. ಫಕ್ಕೀರವ್ವ ನನ್ನ ಮುಖವನ್ನೇ ನೋಡುತ್ತಾ ನಿಂತಳು. "ಏರಬೇಕಿತ್ತಲ್ರಿ ಅಕ್ಕಾರ. ಕೆಮ್ಮು ನಿಂತೈತಿ. ಬಟ್ಟಲಾ ಖಾಲಿ ಮಾಡ್ತಾಳ." ಅವಳು ಕೆಳಗಿಳಿಯುವಾಗ ಕಾಲುಂಗುರ ನನ್ನ ಹಲಗೆಯ ಅಂಚಿಗೆ ತಾಗಿ ಟಿಂಗ್ ಎಂದಿತು. ಹೋದ ತಿಂಗಳು ಅದು ಅಲ್ಲಾಡುತ್ತಿರಲಿಲ್ಲ.

ಆಗಸ್ಟಿನಲ್ಲಿ ಇಬ್ಬರೂ ಸೇರಿ ಐವತ್ನಾಲ್ಕೂವರೆ. ಮತ್ತೆ ಅದೇ ನಲವತ್ತಾರು ಕಳೆದರು. ದಾನು ಎಂಟೂವರೆ. ಸಿಸ್ಟರ ದನಿ ಗಟ್ಟಿಯಾಯಿತು. "ಫಕ್ಕೀರವ್ವ, ಖರೆ ಹೇಳು. ಹೇಳಿದಂಗ ಉಣಸಾಕತ್ತೀಯೋ ಇಲ್ಲೋ? ಚೀಲ ಮುಗಸೂದರಾಗ ಕೂಸಿನ ಮರತಿಲ್ಲ ಹೌದಲ್ಲೋ?"

ಫಕ್ಕೀರವ್ವ ಮಗಳನ್ನು ಎತ್ತಿಕೊಂಡು ಕೆಳಗಿಳಿದಳು. ಹೇಳಲು ಇದ್ದದ್ದನ್ನು ಆಮೇಲೆ ಬೆಂಚಿನ ಮೇಲೆ ಮಗಳ ಕಿವಿಗೆ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. "ಇನ್ನ ಹೆಂಗ ಉಣಸ್ಲಿ ನನ್ನವ್ವ? ಒಂದ ಬಟ್ಟಲಕ್ಕ ಒಂದೂವರಿ ತಾಸು ಹಿಡಿತೈತಿ. ಐದ ಬಟ್ಟಲಾ. ನನ್ನ ಪಾಲಿನ ತತ್ತಿನೂ ನಿನಗ ಹಾಕೀನಿ, ತುಪ್ಪಾನೂ ನಿನಗ. ನಾ ಒಣ ರೊಟ್ಟಿ ತಿಂತೀನಿ, ಅದೂ ಒಮ್ಮೊಮ್ಮೆ ಮರತ ಹೋಗತೈತಿ."

ಈ ಸಲ ಅವಳ ಕಾಲುಂಗುರಕ್ಕೆ ಬಿಳಿ ದಾರ ಸುತ್ತಿತ್ತು, ಬೆರಳಿನಿಂದ ಜಾರಬಾರದು ಎಂದು.

ನನಗೆ ಗೊತ್ತಾಯಿತು. ಏನು ಮಾಡಲಿ? ನನ್ನ ಮೇಲೆ ಎರಡು ಜೀವ ನಿಂತಿದ್ದವು, ನನಗಿದ್ದದ್ದು ಒಂದೇ ಮುಳ್ಳು. ಅದು ಮೊತ್ತ ಹೇಳಬಲ್ಲದೇ ಹೊರತು ಯಾರದ್ದು ಎಷ್ಟು ಎಂದು ಹೇಳಲಾರದು. ಸತ್ಯವನ್ನೇ ಹೇಳುತ್ತೇನೆ ಎಂಬ ನನ್ನ ಜಂಬ ಆ ತಿಂಗಳು ನನಗೇ ಚುಚ್ಚಿತು. ನಾನು ಹೇಳಿದ ಸತ್ಯವನ್ನೇ ಹಿಡಿದು ಅವರು ಒಬ್ಬ ತಾಯಿಯನ್ನು ಕಳ್ಳಿ ಮಾಡುತ್ತಿದ್ದರು.

ಸೆಪ್ಟೆಂಬರ್ ಗುರುವಾರ ಬಂತು. ಅಂದು ತೀರ್ಮಾನದ ದಿನ. ಫಕ್ಕೀರವ್ವ ಮಗಳಿಗೆ ಹಸಿರು ಲಂಗ ತೊಡಿಸಿ, ಹಣೆಗೆ ಬೊಟ್ಟಿಟ್ಟು ಕರೆತಂದಿದ್ದಳು. ಅವಳ ತುಟಿ ಏನೋ ಪಠಿಸುತ್ತಿತ್ತು. ನನ್ನ ಮೇಲೆ ಹತ್ತಿದಳು. ಐವತ್ನಾಲ್ಕು.

"ಎಂಟು," ಅಂದರು ಸಿಸ್ಟರ್. ಈ ಸಲ ಬೈಯಲೂ ಇಲ್ಲ. ಮೇಟಿ ಡಾಕ್ಟರು ಕಾರ್ಡು ನೋಡಿ, ದಾನುವಿನ ಕೆನ್ನೆ ನೋಡಿ, ಮತ್ತೆ ಕಾರ್ಡು ನೋಡಿದರು. "ಕೆನ್ನಿ ತುಂಬಿದಂಗ ಕಾಣತೈತಿ. ಆದ್ರ ತೂಕಾ ಹಿಂಗ ಇಳದ್ರ ನಾ ಕಾಯಾಕ ಆಗೂದಿಲ್ಲ" ಎಂದು ಹುಬ್ಬಳ್ಳಿಯ ಚೀಟಿ ಬರೆಯಲು ಕೂತರು. ಫಕ್ಕೀರವ್ವನ ಕಾಲು ನನ್ನ ಮೇಲೆ ನಡುಗುತ್ತಿತ್ತು. ಆ ನಡುಕಕ್ಕೆ ನನ್ನ ಮುಳ್ಳೂ ನಡುಗಿತು.

ಬೆಂಚಿನ ಮೇಲಿದ್ದ ದಾವಲಸಾಬ ಉಸ್ತಾದರು ಎದ್ದು ಬಂದರು. "ತಂಗಿ, ಕೆಳಗ ಬೀಳ್ತೀ. ಕೂಸಿನ ಇಲ್ಲಿ ತಾ." ದಾನು ಸೆಟೆಯಲಿಲ್ಲ. ಮೂರು ತಿಂಗಳಿಂದ ನೋಡುತ್ತಿದ್ದ ಆ ಮುದ್ದೆ ಕಿವಿ ಈಗ ಕೈಗೇ ಸಿಕ್ಕಿತ್ತು, ಅದನ್ನು ಹಿಡಿದುಕೊಂಡಳು. ಉಸ್ತಾದರು ಅವಳನ್ನು ಎದೆಗಾನಿಸಿಕೊಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಿದರು. ಹುಬ್ಬು ಗಂಟಿಕ್ಕಿದರು. ಇನ್ನೊಮ್ಮೆ ತೂಗಿದರು.

"ಸಿಸ್ಟರ, ಇದು ಎಂಟ ಕಿಲೋ ಅಲ್ಲ."

"ಅದು ನೀವ ಕೊಟ್ಟ ಯಂತ್ರ ಅಲ್ಲೇನ್ರಿ ಉಸ್ತಾದರ," ಅಂದರು ಸಿಸ್ಟರ್, ಸ್ವಲ್ಪ ಸಿಡುಕಿನಿಂದ.

"ಯಂತ್ರ ನಂದ. ಅದು ಸುಳ್ಳ ಹೇಳೂದಿಲ್ಲ. ನಲವತ್ತು ವರ್ಷ ಮಂದಿನ ಎತ್ತಿ ಒಗದ ಕೈ ಇದು, ಇದೂ ಸುಳ್ಳ ಹೇಳೂದಿಲ್ಲ. ಅವ್ವನ ತೂಕಾ ಎಷ್ಟ ತಗದ್ರಿ?"

"ನಲವತ್ತಾರು. ಕಾರ್ಡಿನ್ಯಾಗ ಐತಿ."

"ಯಾವಾಗಿಂದು?"

ಸಿಸ್ಟರ್ ಕಾರ್ಡು ತಿರುವಿದರು. ದನಿ ಸಣ್ಣದಾಯಿತು. "ಜೂನ್."

"ಜೂನಿನ ತೂಕದ ಮ್ಯಾಲೆ ಸಪ್ಟಂಬರ ಕುಸ್ತಿ ಆಡಸ್ತೀರೇನ್ರಿ?" ಉಸ್ತಾದರು ನಗಲಿಲ್ಲ. "ತಂಗಿ, ಇಳೀಬ್ಯಾಡ. ಹಂಗ ನಿಂದ್ರು."

ಫಕ್ಕೀರವ್ವ ನನ್ನ ಮೇಲೆ ಒಬ್ಬಳೇ ನಿಂತಿದ್ದಳು. ನನ್ನ ಇಡೀ ಜನ್ಮದಲ್ಲಿ ಅಷ್ಟು ಜೋಪಾನವಾಗಿ ನಾನು ಯಾರನ್ನೂ ತೂಗಿಲ್ಲ. ಮುಳ್ಳು ಹೋಗಿ ನಿಂತಿತು. ಸಿಸ್ಟರ್ ಬಗ್ಗಿ ನೋಡಿದರು. ತಿರುಪು ನೋಡಿ, ಅವಳನ್ನು ಇಳಿಸಿ ಸೊನ್ನೆ ಇದೆಯೇ ಎಂದು ನೋಡಿ, ಮತ್ತೆ ಹತ್ತಿಸಿದರು. ಎರಡನೇ ಸಲವೂ ಅದೇ.

ನಲವತ್ತೆರಡೂವರೆ.

ಐವತ್ನಾಲ್ಕರಲ್ಲಿ ಅದನ್ನು ಕಳೆದರೆ ಹನ್ನೊಂದೂವರೆ. ದಾನು ಮೂರು ತಿಂಗಳಲ್ಲಿ ಎರಡು ಕಿಲೋ ಏರಿದ್ದಳು. ಅವಳ ತಾಯಿ ಮೂರೂವರೆ ಕಿಲೋ ಇಳಿದಿದ್ದಳು.

ಫಕ್ಕೀರವ್ವನಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. "ಏರ್ಯಾಳೇನ್ರಿ? ಖರೇ ಏರ್ಯಾಳ?" ಎಂದು ಮತ್ತೆ ಮತ್ತೆ ಕೇಳಿದಳು. ಜಯಶೀಲಾ ಸಿಸ್ಟರ್ ಅವಳ ಎರಡೂ ಕೈ ಹಿಡಿದುಕೊಂಡು ಕಲ್ಲುನೆಲದ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. "ತಪ್ಪಾತು ನನ್ನವ್ವ. ಕೂಸು ಅಳಬಾರದು ಅಂತ ನಿನ್ನ ತೂಗೂದು ಬಿಟ್ಟೆ. ಮತ್ತ ನಿನ್ನ ಮ್ಯಾಲ ಸಂಶೆ ಪಟ್ಟೆ."

ಡಾಕ್ಟರು ಬರೆಯುತ್ತಿದ್ದ ಚೀಟಿ ಹರಿದರು. "ನಳಿಗಿ ಈಗ ಬ್ಯಾಡ. ಮುಂದ ಬೇಕಂದ್ರ ನೋಡೂಣು, ಆಗ ನಾ ಹೇಳಿದ್ರ ಹೆದರಬ್ಯಾಡ. ಆದ್ರ ಇವತ್ತ ಔಷಧ ಬೇಕಾಗಿದ್ದು ಈ ಅವ್ವಗ" ಎಂದರು. ಅವಳ ಕಣ್ಣ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದರು.

"ಪೈಲ್ವಾನಗ ಅಷ್ಟ ಖುರಾಕ ಇದ್ರ ನಡೆಂಗಿಲ್ಲ," ಅಂದರು ಉಸ್ತಾದರು, ದಾನುವಿನ ಹಿಡಿತದಿಂದ ಕಿವಿ ಬಿಡಿಸಿಕೊಳ್ಳುತ್ತಾ. "ಉಸ್ತಾದಗೂ ಬೇಕು. ತಂಗಿ, ನಾಳಿಂದ ತತ್ತಿ ಎರಡ ಕುದಸು. ಒಂದು ನಿಂದು. ನೀ ಉಂಡ ಮ್ಯಾಲೆ ಆಕಿಗೆ ಉಣಸು."

ಅಂದು ಸಿಸ್ಟರ್ ತಮ್ಮ ಡಬ್ಬಿಯ ರೊಟ್ಟಿ, ಬದನೆಕಾಯಿ ಪಲ್ಯವನ್ನು ಫಕ್ಕೀರವ್ವನ ಮುಂದಿಟ್ಟು, ತಾವು ದಾನುವಿಗೆ ಉಣಿಸಲು ಕೂತರು. ಫಕ್ಕೀರವ್ವ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ಮರೆತು ಮಗಳನ್ನೇ ನೋಡುತ್ತಿದ್ದಳು. "ಮದ್ಲ ನೀ ನುಂಗು" ಎಂದು ಸಿಸ್ಟರ್ ಗದರಿದರು. ಮುಂದಿನ ವಾರ ಫಕ್ಕೀರವ್ವನ ನಾದಿನಿ ಕೂಡ ಬಂದು ಉಣಿಸುವುದನ್ನು ಕಲಿತಳು. ಮಧ್ಯಾಹ್ನದ ಎರಡು ಬಟ್ಟಲು ಉಣಿಸುವುದು ಅವಳ ಪಾಲಿಗೆ ಹೋಯಿತು. ಕೇಂದ್ರದ ಕಾರ್ಡುಗಳಲ್ಲೆಲ್ಲ ಸಿಸ್ಟರ್ ಕೆಂಪು ಪೆನ್ನಿನಿಂದ ಹೊಸದೊಂದು ಸಾಲು ಎಳೆದು, ಅದರ ತಲೆಗೆ 'ತಾಯಿ' ಎಂದು ಬರೆದರು. ಪ್ರತಿ ತಿಂಗಳೂ ಅದನ್ನು ಹೊಸದಾಗಿ ತುಂಬಬೇಕು.

ಅದಾಗಿ ಎಷ್ಟೋ ಮಳೆಗಾಲ ಕಳೆದವು. ಕೇಂದ್ರಕ್ಕೆ ಈಗ ಕುರ್ಚಿಯಂಥ ಹೊಸ ತೂಕದ ಯಂತ್ರ ಬಂದಿದೆ. ಮಗುವನ್ನು ಕೂರಿಸಿದರೆ ಸಾಕು, ಕೆಂಪು ದೀಪದ ಅಂಕಿಗಳು ಗ್ರಾಂ ಲೆಕ್ಕದಲ್ಲಿ ಹೇಳುತ್ತವೆ. ಕೂಡಿ ಕಳೆಯುವ ಗೋಜಿಲ್ಲ. ಬಂದ ದಿನ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಹಳೆ ಸಾಮಾನಿನವನು ನನ್ನನ್ನು ಒಯ್ಯಲು ತಳ್ಳುಗಾಡಿ ಸಮೇತ ಬಂದಿದ್ದ. ಸಿಸ್ಟರ್ ಬಾಗಿಲಲ್ಲೇ ತಡೆದರು. "ಅದನ್ನ ಮುಟ್ಟಬ್ಯಾಡ. ಅದು ಅವ್ವಂದಿರದು."

ಹಾಗಾಗಿ ನಾನು ಈಗ ಕಿಟಕಿಯ ಕೆಳಗಿನ ಮೂಲೆಯಲ್ಲಿದ್ದೇನೆ. ಮಕ್ಕಳು ಕುರ್ಚಿಯಲ್ಲಿ, ತಾಯಂದಿರು ನನ್ನ ಮೇಲೆ. "ನಂದ್ಯಾಕ್ರಿ ಅಕ್ಕಾರ, ಕೂಸಿಂದ ನೋಡ್ರಿ" ಎಂದು ಹೊಸಬರೆಲ್ಲ ನಾಚುತ್ತಾರೆ. ಸಿಸ್ಟರ್ ಬಿಡುವುದಿಲ್ಲ. ಉಸ್ತಾದರು ತೀರಿಕೊಂಡು ಎರಡು ವರ್ಷವಾಯಿತು. ಆದರೆ ಅವರ ಮಾತನ್ನು ಸಿಸ್ಟರ್ ತಮ್ಮದೇ ಎಂಬಂತೆ ಆಡುತ್ತಾರೆ: "ಹೋದ ತಿಂಗಳ ತೂಗಿದಾಕಿ ಹೋದ ತಿಂಗಳ ಹೋದ್ಲು. ಇವತ್ತಿನಾಕಿ ಹತ್ತು ಮ್ಯಾಲೆ."

ನನಗೂ ವಯಸ್ಸಾಗಿದೆ. ಸ್ಪ್ರಿಂಗು ಸಡಿಲಾಗಿದೆ, ತಿರುಪು ಸವೆದು ಸುಮ್ಮನೆ ತಿರುಗುತ್ತದೆ. ಯಾರು ನಿಂತರೂ ಅರ್ಧ ಕಿಲೋ ಹೆಚ್ಚು ತೋರಿಸುತ್ತೇನೆ. ಮೊದಲಾಗಿದ್ದರೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಈಗ ಸಿಸ್ಟರಿಗೆ ಅದು ಗೊತ್ತು, ಕಳೆದು ಬರೆಯುತ್ತಾರೆ. ನಾನು ನೆಮ್ಮದಿಯಾಗಿದ್ದೇನೆ.

ಹೋದ ಗುರುವಾರ ದಾನು ಬಂದಿದ್ದಳು. ಹನ್ನೊಂದು ವರ್ಷ. ಕುರ್ಚಿಗೆ ಒರಗಿಸಿ ಕೂರಿಸಿದಾಗ ಇಪ್ಪತ್ತೊಂದು ಕಿಲೋ ತೂಗಿದಳು. ಬಾಯಿಯ ಅಂಚಿನಲ್ಲಿ ಹೋಳಿಗೆಯ ಹೂರಣ ಮೆತ್ತಿತ್ತು, ಅದನ್ನು ನಾಲಿಗೆಯಿಂದ ಹುಡುಕುತ್ತಾ ನಗುತ್ತಿದ್ದಳು. ಆಮೇಲೆ ಫಕ್ಕೀರವ್ವ, ಯಾರೂ ಹೇಳದೆಯೇ, ಚಪ್ಪಲಿ ಬಿಟ್ಟು ನನ್ನ ಮೇಲೆ ಹತ್ತಿದಳು.

"ಐವತ್ತೂವರಿ. ಅಂದ್ರ ಐವತ್ತು," ಅಂದರು ಸಿಸ್ಟರ್.

"ಅರ್ಧ ಕಿಲೋ ಯಾಕ ಕಳೀತೀರಿ, ಬರೀರಿ ಅಕ್ಕಾರ. ಪಾಪ, ಅದ ಪ್ರೀತಿಲೆ ಕೊಟ್ಟೈತಿ."

ಸಿಸ್ಟರ್ ನಕ್ಕರು, ಆದರೆ ಐವತ್ತೇ ಬರೆದರು. ಅದು ನನಗೂ ಸರಿಯೆನಿಸಿತು. ಅವರು ಮೇಲೆ ಅಂಕಿ ಬರೆದುಕೊಳ್ಳುತ್ತಿದ್ದಾಗ ನಾನು ಕೆಳಗೆ ನನ್ನ ಲೆಕ್ಕ ನೋಡಿಕೊಂಡೆ. ಅದೇ ಅಗಲ ಪಾದ, ಅದೇ ಬಿರುಕು ಹಿಮ್ಮಡಿ. ಬೆಳ್ಳಿಯ ಕಾಲುಂಗುರ ಬೆರಳಿನ ಮಾಂಸದಲ್ಲಿ ಸ್ವಲ್ಪ ಹುದುಗಿ, ಬಿಗಿಯಾಗಿ ಕೂತಿತ್ತು. ದಾರ ಇರಲಿಲ್ಲ.